ಮದುವೆಯ ಕಡತ

ಚಪ್ಪಲಿ ಬಾಗಿಲ ಹೊರಗೇ ಬಿಟ್ಟು ಒಳಗೆ ಬನ್ನಿ. ಕಾಲಿಡುವಾಗ ಮಾತ್ರ ಸ್ವಲ್ಪ ನೋಡಿಕೊಂಡು. ಮೈಸೂರು ಕುವೆಂಪುನಗರದ ಈ ಮನೆಯ ಹಾಲ್‌ನಲ್ಲಿ ಇವತ್ತು ಕೂರುವುದಕ್ಕೆ ಜಾಗ ಇಲ್ಲ. ಸೋಫಾದ ಮೇಲೆ ಮದುವೆ ಆಲ್ಬಮ್ಮು, ದಿವಾನದ ಮೇಲೆ ಬ್ಯಾಂಕ್ ಸ್ಟೇಟ್‌ಮೆಂಟುಗಳು, ಊಟದ ಮೇಜಿನ ಅರ್ಧ ಭಾಗಕ್ಕೆ ಪ್ರಿಂಟರು, ನೆಲದ ಮೇಲೆ ಸಾಲಾಗಿ ಪ್ಲಾಸ್ಟಿಕ್ ಫೋಲ್ಡರುಗಳು. ಅವುಗಳ ನಡುವೆ ಚಕ್ಕಳಮಕ್ಕಳ ಹಾಕಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವವಳು ನನ್ನ ಅಕ್ಕನ ಮಗಳು. ಫೆಬ್ರವರಿಯಲ್ಲಿ ಅವಳ ಮದುವೆಯಾಯಿತು. ಈಗ ಸೆಪ್ಟೆಂಬರ್. ಮದುವೆ ಆಗಿದೆ ಎಂದು ತೋರಿಸುವ ಕೆಲಸ ನಡೆಯುತ್ತಿದೆ.

"ಆಗಿದೆ ಅಂತ ಅಲ್ಲ ಮಾವ," ತಲೆಯೆತ್ತದೆಯೇ ತಿದ್ದುತ್ತಾಳೆ. "ಅದಕ್ಕೆ ಸಬ್‌ರಿಜಿಸ್ಟ್ರಾರ್ ಕೊಟ್ಟಿರೋ ಸರ್ಟಿಫಿಕೇಟ್ ಇದೆ. ನಿಜವಾದ ಮದುವೆ ಅಂತ ತೋರಿಸ್ಬೇಕು."

ಗಂಡ ಇರುವುದು ಮೆಲ್ಬೋರ್ನಿನಲ್ಲಿ. ಅಲ್ಲಿನ ಪೌರನೇ ಆಗಿದ್ದಾನೆ. ಇವಳು ಹೋಗಿ ಅವನೊಡನೆ ಬಾಳಬೇಕಾದರೆ ಪಾರ್ಟ್‌ನರ್ ವೀಸಾ ಬೇಕು. ಆಸ್ಟ್ರೇಲಿಯಾದ ಹೊರಗಿದ್ದುಕೊಂಡು ಹಾಕುವವರಿಗೆ ಅದರ ನಂಬರು 309, ಅದು ತಾತ್ಕಾಲಿಕ. ಅದರ ಬೆನ್ನಿಗೇ ಕಾಯಂ ವಾಸದ 100. ಎರಡಕ್ಕೂ ಅರ್ಜಿ ಒಂದೇ, ಶುಲ್ಕವೂ ಒಂದೇ ಸಲ: 2025ರ ಜುಲೈಯಿಂದ 9,365 ಆಸ್ಟ್ರೇಲಿಯನ್ ಡಾಲರ್. ನಮ್ಮ ದುಡ್ಡಿನಲ್ಲಿ ಐದು ಲಕ್ಷ ದಾಟುತ್ತದೆ. ವೀಸಾ ಸಿಗದಿದ್ದರೆ ದುಡ್ಡು ಹೋದ ಹಾಗೇ. ಭಾವ ಬ್ಯಾಂಕಿನಲ್ಲಿ ಮೂರು ದಶಕ ಸಾಲದ ಅರ್ಜಿಗಳನ್ನು ನೋಡಿ ನಿವೃತ್ತರಾದವರು. ಈ ಅಂಕಿ ಕೇಳಿದ ದಿನ ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದ್ರೆ ಫೈಲ್ ನಾನು ನೋಡ್ತೀನಿ," ಎಂದರು. ಅಂದಿನಿಂದ ಈ ಹಾಲ್ ಅವರ ಶಾಖೆ.

ಮದುವೆ ಸರ್ಟಿಫಿಕೇಟಿನ ಕಥೆ ಚಿಕ್ಕದು. ಎಲ್ಲ ಮದುವೆಗಳನ್ನೂ ನೋಂದಾಯಿಸಲೇಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದ್ದರೂ, ವಿದೇಶಕ್ಕೆ ಹೋಗುವ ಮಾತು ಬರುವ ತನಕ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅದರ ನೆನಪಾಗುವುದಿಲ್ಲ. ಇವರದು ಆರತಕ್ಷತೆಯ ಆಯಾಸ ಆರುವುದರೊಳಗೇ ಆಗಿತ್ತು: ಲಗ್ನಪತ್ರಿಕೆ, ಧಾರೆಯ ಫೋಟೋ, ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಮೂವರು ಸಾಕ್ಷಿಗಳು. ಸಾಕ್ಷಿಗಳಲ್ಲಿ ನಾನೊಬ್ಬ. ಬೆರಳೊತ್ತಿ, ಕ್ಯಾಮೆರಾ ನೋಡಿ, ಹೊರಗೆ ಬಂದು ಎಳನೀರು ಕುಡಿದೆವು. ಅಲ್ಲಿಗೆ ನಮ್ಮ ಸರ್ಕಾರಕ್ಕೆ ಇವರು ಗಂಡ ಹೆಂಡತಿ.

ಆ ಸರ್ಕಾರಕ್ಕೆ ಇನ್ನೂ ಅಲ್ಲ. ಲ್ಯಾಪ್‌ಟಾಪಿನ ಪರದೆ ಸ್ವಲ್ಪ ಬಗ್ಗಿ ನೋಡಿ. ಆಸ್ಟ್ರೇಲಿಯಾದ 1958ರ ವಲಸೆ ಕಾಯ್ದೆ ತೆರೆದಿದೆ. ಸಂಗಾತಿಗಳೆಂದರೆ ಯಾರು ಎಂದು ಅದು ಹೇಳುವುದು ಹೀಗೆ: ಮದುವೆ ಕಾನೂನಿಗೆ ಸಲ್ಲಬೇಕು, ಬೇರೆ ಯಾರಿಗೂ ಎಡೆಯಿಲ್ಲದಂತೆ ಜೊತೆಗೆ ಬಾಳುವ ನಿರ್ಧಾರ ಇಬ್ಬರಲ್ಲೂ ಇರಬೇಕು, ಸಂಬಂಧ ನಿಜದ್ದಾಗಿರಬೇಕು, ಮುಂದುವರಿಯುತ್ತಿರಬೇಕು, ಇಬ್ಬರೂ ಒಟ್ಟಿಗೆ ಇರಬೇಕು, ಇಲ್ಲವೇ ಕಾಯಂ ಆಗಿ ಬೇರೆ ಬೇರೆ ಇರಬಾರದು. ಈ ಕೊನೆಯ ತುಂಡು ವಾಕ್ಯವೇ ಇವರಂಥವರನ್ನು ಕಾಪಾಡುತ್ತದೆ. ಸಮುದ್ರದಾಚೆ ಒಬ್ಬರು, ಈಚೆ ಒಬ್ಬರು ಇದ್ದ ಮಾತ್ರಕ್ಕೆ ಬೇರೆ ಇದ್ದಾರೆ ಎಂದಾಗುವುದಿಲ್ಲ. ಆದರೆ ಬೇರೆ ಇಲ್ಲ ಎನ್ನುವುದನ್ನು ತೋರಿಸಬೇಕಾದವರು ಇವರೇ. ಹೇಗೆ ನೋಡಬೇಕು ಎಂಬುದನ್ನು 1994ರ ನಿಯಮಾವಳಿ ಅಧಿಕಾರಿಗೆ ಹೇಳಿಕೊಟ್ಟಿದೆ: ದುಡ್ಡುಕಾಸು ಹೇಗೆ, ಮನೆವಾರ್ತೆ ಹೇಗೆ, ನಾಲ್ಕು ಜನರ ನಡುವೆ ಹೇಗೆ, ಒಬ್ಬರಿಗೊಬ್ಬರು ಎಷ್ಟರ ಮಟ್ಟಿಗೆ. ನೆಲದ ಮೇಲಿನ ಫೋಲ್ಡರುಗಳು ನಾಲ್ಕು ಬಣ್ಣದಲ್ಲಿರುವುದು ಇದಕ್ಕೇ.

ಮೊದಲು ಆಲ್ಬಮ್ಮಿನ ಹತ್ತಿರ ಬನ್ನಿ, ಅಲ್ಲಿ ಅಕ್ಕ ಕೂತಿದ್ದಾಳೆ. ಫೋಟೋಗ್ರಾಫರ್ ಕೊಟ್ಟ ಪೆನ್‌ಡ್ರೈವಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ. ಕಾರಂಜಿ ಕೆರೆಯ ಹತ್ತಿರ ಮದುವೆಗೆ ಮೊದಲು ತೆಗೆಸಿದ್ದು, ಡ್ರೋನಿನಿಂದ ಚಪ್ಪರ ತೆಗೆದದ್ದು, ಹೊಗೆಯ ನಡುವೆ ಇಬ್ಬರೂ ತೇಲಿಬಂದದ್ದು. ಅಕ್ಕನಿಗೆ ಎಲ್ಲವೂ ಇಷ್ಟ. ಮಗಳು ಒಂದೊಂದನ್ನೇ ಬದಿಗೆ ತಳ್ಳುತ್ತಾಳೆ.

"ಇದ್ರಲ್ಲಿ ಎಷ್ಟು ಚೆನ್ನಾಗ್ ಬಂದಿದೀಯ, ಇದನ್ಯಾಕೆ ಬೇಡ ಅಂತೀಯ?"

"ಅಮ್ಮ, ಇಂಥ ಫೋಟೋನ ದುಡ್ಡು ಕೊಟ್ರೆ ಯಾರಿಗೆ ಬೇಕಾದ್ರೂ ತೆಗೆದುಕೊಡ್ತಾರೆ."

ಅವಳು ಆರಿಸಿದ್ದು ಆಲ್ಬಮ್ಮಿಗೆ ಸೇರದೇ ಉಳಿದಿದ್ದವನ್ನು. ಬೀಗರ ಔತಣದ ದಿನದ ಒಂದು ಚಿತ್ರ ಅವಳ ಚಿಕ್ಕಪ್ಪನ ಮೊಬೈಲಿನಲ್ಲಿತ್ತು. ಅಳಿಯ ಪಂಚೆ ಮೇಲೆ ಕಟ್ಟಿ, ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದಾನೆ. ಇವಳು ಅವನ ಅತ್ತೆಯರ ಸಾಲಿನಲ್ಲಿ ಊಟಕ್ಕೆ ಕೂತು, ಸಾಕು ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಇಟ್ಟಿದ್ದಾಳೆ. ಕೈಗೆ ಸಾರು ಬಿದ್ದಿದೆ. ಪಕ್ಕದ ಹೆಂಗಸು ಬಾಯಿ ತುಂಬ ಅನ್ನ ಇಟ್ಟುಕೊಂಡೇ ನಗುತ್ತಿದ್ದಾರೆ. ಚಿತ್ರ ಅರ್ಧ ಮಸುಕು. ಕೆಳಗೆ ತಾರೀಖು, ಊರು, ಎಡದಿಂದ ಬಲಕ್ಕೆ ಯಾರು ಯಾರು, ಯಾರಿಗೆ ಏನಾಗಬೇಕು ಎಂದು ಟೈಪ್ ಮಾಡುತ್ತಾಳೆ. ನನ್ನ ಕೇಳಿದರೆ ಇಡೀ ಕಡತದಲ್ಲಿ ಇದರಷ್ಟು ಬೆಲೆಯ ಚಿತ್ರ ಇನ್ನೊಂದಿಲ್ಲ.

ಆಲ್ಬಮ್ಮಿನ ಪಕ್ಕದಲ್ಲಿರುವ ಉದ್ದನೆಯ ರಿಜಿಸ್ಟರು ಮುಯ್ಯಿ ಪುಸ್ತಕ. ಮಂಟಪದ ಬಾಗಿಲಲ್ಲಿ ದೊಡ್ಡಪ್ಪನ ಮಗ ಕೂತು ಬರೆದದ್ದು: ಹೆಸರು, ಊರು, ಕೊಟ್ಟದ್ದು. ಯಾರು ಬಂದಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ಹುಡುಗಿ. ಯಾರು ಎಷ್ಟು ಕೊಟ್ಟರು ಎಂಬುದು ಪರದೇಶದವರಿಗೆ ಯಾಕೆ ಗೊತ್ತಾಗಬೇಕು ಎಂದು ಅಕ್ಕ. ಇಂಗ್ಲಿಷಿನಲ್ಲಿ ಇಲ್ಲದ್ದನ್ನೆಲ್ಲ ಅನುವಾದ ಮಾಡಿಸಿಯೇ ಕೊಡಬೇಕು. ಆಸ್ಟ್ರೇಲಿಯಾದ ಹೊರಗೆ ಮಾಡಿಸಿದರೆ ಅನುವಾದಕರು ಕೆಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರು, ಓದು, ಅನುಭವ ಬರೆಯಬೇಕು. ಸರಸ್ವತಿಪುರಂನ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಒಪ್ಪಿಕೊಂಡಿದ್ದಾರೆ. ಪುಸ್ತಕದ ಎರಡು ಪುಟ ಸಾಕು ಎಂದು ರಾಜಿಯಾಯಿತು. ಎರಡೂ ಅಕ್ಕ ಆರಿಸಿದ ಪುಟಗಳು. ನೂರಾ ಒಂದು ರೂಪಾಯಿಯವರು ಅವುಗಳಲ್ಲಿ ಯಾರೂ ಇಲ್ಲ.

ಹಸಿರು ಫೋಲ್ಡರು ದುಡ್ಡಿನದು. ತೆಳ್ಳಗಿದೆ. ಭಾವನಿಗೆ ಇದೇ ತಲೆನೋವು. ಜಂಟಿ ಖಾತೆ ಇಲ್ಲ, ಇಬ್ಬರ ಹೆಸರಿನ ಮನೆ ಇಲ್ಲ, ಜಂಟಿ ಸಾಲವೂ ಇಲ್ಲ. ಮದುವೆಯ ಖರ್ಚು ಎರಡೂ ಕಡೆಯ ಅಪ್ಪಂದಿರ ಖಾತೆಯಿಂದ ಹೋಯಿತು. ಚಿನ್ನ ಅಕ್ಕನ ಲಾಕರಿನಲ್ಲಿದೆ. ಅಳಿಯ ಊರಿಗೆ ಕಳಿಸುವ ದುಡ್ಡು ಅವನ ತಂದೆಯ ಖಾತೆಗೆ ಹೋಗುತ್ತದೆ. ಹುಡುಗಿ ತನ್ನ ಸಂಬಳ ತಾನು ನೋಡಿಕೊಳ್ಳುತ್ತಾಳೆ. ನಮ್ಮ ಮನೆಗಳಲ್ಲಿ ಹೊಸ ಗಂಡ ಹೆಂಡತಿ ದುಡ್ಡನ್ನು ಸೇರಿಸುವುದು ಎಷ್ಟೋ ವರ್ಷಗಳ ಮೇಲೆ, ಸೈಟು ಕೊಳ್ಳುವಾಗಲೋ ಮಗುವನ್ನು ಶಾಲೆಗೆ ಹಾಕುವಾಗಲೋ. ಏಳು ತಿಂಗಳಿಗೇ ಲೆಕ್ಕ ಕೊಡಿ ಎಂದರೆ ಎಲ್ಲಿಂದ ತರುವುದು?

ಅವನು ತನ್ನ ಸೂಪರ್‌ಆ್ಯನ್ಯುಯೇಷನ್ ನಿಧಿಗೆ, ಅಂದರೆ ಅಲ್ಲಿನ ನಿವೃತ್ತಿ ಹಣಕ್ಕೆ, ಇವಳನ್ನು ನಾಮಿನಿ ಮಾಡಿರುವ ಕಾಗದ ಬಂದಿದೆ. ಅದು ಒಂದು. ಇನ್ನೊಂದನ್ನು ಹುಡುಕಿದ್ದು ಭಾವ. ಬೆರಳಿನಿಂದ ಸ್ಟೇಟ್‌ಮೆಂಟಿನ ಸಾಲುಗಳನ್ನು ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಂತರು. ಮೇ ತಿಂಗಳು. ಇವಳ ಕಾರ್ಡಿನಿಂದ ಶ್ರವಣಯಂತ್ರದ ಅಂಗಡಿಗೆ ಒಂದು ದೊಡ್ಡ ಮೊತ್ತ ಹೋಗಿದೆ. ವಾರ ಕಳೆದು ಅದರ ಅರ್ಧದಷ್ಟು ಮೆಲ್ಬೋರ್ನಿನಿಂದ ಬಂದಿದೆ. ವಿವರದ ಕಾಲಮ್ಮಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ಅಮ್ಮನ ಮಿಷಿನ್ ಅರ್ಧ" ಎಂದಿದೆ.

"ಇದೇನಿದು?"

"ಅತ್ತೆಗೆ ಕಿವಿ ಕೇಳಿಸ್ತಿರ್ಲಿಲ್ವಲ್ಲ ಅಪ್ಪ. ಒಂದ್ಸಲ ನಾನೇ ಕರ್ಕೊಂಡು ಹೋಗಿ ಕೊಡಿಸ್ದೆ. ಪೂರ್ತಿ ನಾನೇ ಕೊಡ್ತೀನಿ ಅಂದ್ರೆ ಇವರು ಕೇಳ್ಲಿಲ್ಲ."

ಭಾವ ಏನೂ ಹೇಳಲಿಲ್ಲ. ಆ ಸಾಲಿಗೆ ಹಳದಿ ಹೈಲೈಟರ್ ಎಳೆದರು. ಅಂಗಡಿಯ ಬಿಲ್ಲು ಎಲ್ಲಿದೆ ಎಂದು ಕೇಳಿದರು. ಬಿಲ್ಲು ಅತ್ತೆಯ ಹೆಸರಿನಲ್ಲಿತ್ತು, ಫೋನ್ ನಂಬರು ಸೊಸೆಯದಿತ್ತು. ಅದನ್ನೂ ಸ್ಕ್ಯಾನ್ ಮಾಡಿಸಿದರು. ಸಾಲದ ಅರ್ಜಿಯಲ್ಲಿ ಅವರು ಇಂಥದನ್ನೇ ಹುಡುಕುತ್ತಿದ್ದರಂತೆ: ತೋರಿಸಲಿಕ್ಕೆಂದು ಮಾಡಿದ್ದಲ್ಲದ ಕಾಗದ.

ಸಂಜೆ ಐದಾಯಿತು. ಅಲ್ಲಿ ರಾತ್ರಿ ಒಂಬತ್ತೂವರೆ. ಫೋನು ಸ್ಟೀಲ್ ಲೋಟಕ್ಕೆ ಒರಗಿ ನಿಂತಿದೆ, ಅದರೊಳಗೆ ಅಳಿಯನ ಮುಖ. ಅಕ್ಕ ಸೆರಗು ಸರಿಮಾಡಿಕೊಂಡು, "ಊಟ ಆಯ್ತಾ?" ಎಂದು ಕೇಳಿ ಅಡುಗೆಮನೆಗೆ ಹೋಗುತ್ತಾಳೆ, ಅಲ್ಲಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಈಗ ಮನೆವಾರ್ತೆಯ ಫೋಲ್ಡರು. ಇವಳು ಜುಲೈನಲ್ಲಿ ಸಂದರ್ಶಕರ ವೀಸಾದಲ್ಲಿ ಹೋಗಿ ಟಾರ್ನೀಟ್ ಬಡಾವಣೆಯ ಅವನ ಬಾಡಿಗೆ ಮನೆಯಲ್ಲಿ ಇದ್ದು ಬಂದಿದ್ದಾಳೆ. ಆ ದಿನಗಳಲ್ಲಿ ಮನೆಗೆಲಸ ಹೇಗೆ ಹಂಚಿಕೊಂಡಿದ್ದಿರಿ? ಇದು ತಮಾಷೆಗೆ ಕೇಳಿದ್ದಲ್ಲ. ಮನೆಗೆಲಸದ ಹೊಣೆಯನ್ನು ಹಂಚಿಕೊಳ್ಳುತ್ತಾರೆಯೇ ನೋಡು ಎಂದು ನಿಯಮಾವಳಿಯಲ್ಲೇ ಬರೆದಿದೆ.

"ಬಾತ್‌ರೂಮು ಅವರು ತೊಳೀತಾರೆ, ಪಾತ್ರೆ ಇಬ್ರೂ. ನಾನು ಚಪಾತಿ ಮಾಡಲ್ಲ, ಅವರೇ ಮಾಡ್ಕೋತಾರೆ," ಎಂದು ಓದುತ್ತಾ ಟೈಪ್ ಮಾಡುತ್ತಾಳೆ.

ಅಡುಗೆಮನೆಯಿಂದ ಅಕ್ಕ ಸೌಟು ಹಿಡಿದೇ ಬಂದಳು. "ಅಳಿಯಂದ್ರು ಬಾತ್‌ರೂಮ್ ತೊಳೀತಾರೆ ಅಂತ ಬರೀತೀಯೇನೇ? ಅವರಮ್ಮ ನೋಡಿದ್ರೆ ಏನಂದ್ಕೋತಾರೆ?"

"ಅತ್ತೆ, ಬರೀಲಿ ಬಿಡಿ," ಎಂದಿತು ಲೋಟಕ್ಕೊರಗಿದ ಮುಖ. "ಅದು ನಿಜಾನೇ. ಅವಳು ಕಸದ ಡಬ್ಬಿ ಇಡೋದನ್ನ ಬರೆದಳಾ?"

ಕಸದ ಡಬ್ಬಿ ಇನ್ನೊಂದು ಕಾಗದದಲ್ಲಿದೆ. ಅರ್ಜಿಯ ಜೊತೆಗೆ 888ನೇ ನಮೂನೆ ಎಂದು ಬರುತ್ತದೆ: ಆಸ್ಟ್ರೇಲಿಯಾದ ಪೌರರೋ ಕಾಯಂ ನಿವಾಸಿಗಳೋ ಆದವರು, ಈ ಜೋಡಿ ನನಗೆ ಹೇಗೆ ಗೊತ್ತು, ಇವರ ಸಂಬಂಧ ನಿಜ ಎಂದು ನಾನೇಕೆ ನಂಬಿದ್ದೇನೆ ಎಂದು ಬರೆದು ಸಹಿ ಮಾಡಬೇಕು. ಅವನ ಕಾಲೇಜಿನ ಗೆಳೆಯನೊಬ್ಬ ಬರೆದಿದ್ದಾನೆ. ಒಳ್ಳೆಯ ಇಂಗ್ಲಿಷು, ಒಳ್ಳೆಯ ಗುಣಗಾನ, ಯಾವ ಜೋಡಿಗೆ ಬೇಕಾದರೂ ಹೊಂದುತ್ತದೆ. ಪಕ್ಕದ ಮನೆಯ ಪಂಜಾಬಿ ಹೆಂಗಸು ಬರೆದದ್ದು ಅರ್ಧ ಪುಟ. ಈ ಹುಡುಗ ಕಸದ ಡಬ್ಬಿಯನ್ನು ಬೀದಿಗೆ ಇಡುವ ರಾತ್ರಿಯನ್ನು ಸದಾ ಮರೆಯುತ್ತಾನೆ, ನಾನೇ ಬಾಗಿಲು ತಟ್ಟುತ್ತೇನೆ. ಜುಲೈ ಪೂರ್ತಿ ಡಬ್ಬಿ ಹೊತ್ತಿಗೆ ಸರಿಯಾಗಿ ಹೊರಗಿತ್ತು. ಆ ಹುಡುಗಿ ಊರಿಗೆ ಹೊರಟ ವಾರದಿಂದ ಮತ್ತೆ ಮರೆಯುತ್ತಿದ್ದಾನೆ. ಭಾವ ಎರಡನ್ನೂ ಓದಿ ಪಂಜಾಬಿಯವರದ್ದನ್ನು ಮೇಲಿಟ್ಟರು.

ನಮ್ಮ ಕಡೆಯವರ ಹೇಳಿಕೆ ಅಫಿಡವಿಟ್ಟಿನಲ್ಲಿ ಹೋಗುತ್ತದೆ. ಒಳಕೋಣೆಯ ಮಂಚದ ಮೇಲೆ ಕೂತು ಹೂ ಕಟ್ಟುತ್ತಿರುವವರು ನನ್ನ ಅಮ್ಮ, ಹುಡುಗಿಯ ಅಜ್ಜಿ. ಬಾಳಿನುದ್ದಕ್ಕೂ ನಮ್ಮ ತಂದೆಯ ಹೆಸರನ್ನು ಬಾಯಿಬಿಟ್ಟು ಹೇಳದವರು. ಅಂಥವರ ಮುಂದೆ ಮೊಮ್ಮಗಳು ಪೆನ್ನು ಹಿಡಿದು ಕೂತು, "ಅಜ್ಜಿ, ನಾವಿಬ್ರೂ ಚೆನ್ನಾಗಿದೀವಿ ಅಂತ ನಿಂಗೆ ಹೇಗೆ ಗೊತ್ತು? ಹೇಳು, ಬರ್ಕೋತೀನಿ," ಎನ್ನುತ್ತಿದ್ದಾಳೆ.

"ಅದ್ನೆಲ್ಲ ಯಾರಾದ್ರೂ ಬರೀತಾರಾ?"

"ಬರೀಬೇಕಂತೆ."

ಅಮ್ಮ ದಾರಕ್ಕೆ ನಾಲ್ಕು ಮಲ್ಲಿಗೆ ಏರಿಸುವಷ್ಟು ಹೊತ್ತು ಸುಮ್ಮನಿದ್ದರು. "ಆ ಹುಡುಗ ಊಟಕ್ಕೆ ಕೂತ್ರೆ ಎಲೆ ನೋಡಲ್ಲ, ನೀನು ಬಂದ್ಯಾ ಅಂತ ಬಾಗ್ಲು ನೋಡ್ತಾನೆ. ಅಷ್ಟು ಬರಿ. ಸಾಕು."

ಇದನ್ನು ನೋಟರಿಯ ಮುಂದೆ ಓದಿಸಬೇಕು. ಮಾರನೆಯ ದಿನ ಆಟೋದಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೊರಟರೆ ಸಯ್ಯಾಜಿರಾವ್ ರಸ್ತೆಯಲ್ಲಿ ವಾಹನ ನಿಲ್ಲಿಸಿದ್ದಾರೆ: ದಸರಾ ಆನೆಗಳ ತಾಲೀಮು. ಬೆನ್ನ ಮೇಲೆ ಮರಳು ಮೂಟೆ ಹೊತ್ತು ಒಂದರ ಹಿಂದೊಂದು ಬನ್ನಿಮಂಟಪದ ಕಡೆಗೆ ನಡೆದಿವೆ. ಅಮ್ಮ ಆಟೋದೊಳಗಿಂದಲೇ ಕೈ ಮುಗಿದರು. ನೋಟರಿ ನೂರು ರೂಪಾಯಿಯ ಇ-ಸ್ಟಾಂಪಿನ ಮೇಲೆ ಅಚ್ಚಾದದ್ದನ್ನು ಓದಿ, "ಬಾಗ್ಲು ನೋಡ್ತಾನೆ ಅನ್ನೋದೆಲ್ಲ ಅಫಿಡವಿಟ್ಟಲ್ಲಿ ಬೇಕಾ ಸಾರ್?" ಎಂದರು. ಬೇಕು ಎಂದೆ. ಸೀಲು ಬಿತ್ತು.

ಅದೇ ನೋಟರಿಯ ಮೇಜಿನ ಮೇಲೆ ಇನ್ನೊಂದು ಅಫಿಡವಿಟ್ಟು ಮಾಡಿಸಬೇಕಿತ್ತು, ಹೆಸರಿನದು. ನಮ್ಮ ಕಡೆಯವರಿಗೆ ಈ ಗೋಳು ತಪ್ಪಿದ್ದಲ್ಲ. ಶಾಲೆಯ ಕಾಗದದಲ್ಲಿ ಹುಡುಗಿಯ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಆಧಾರಿನಲ್ಲಿ ಇನಿಷಿಯಲ್ಲು ಹಿಂದಕ್ಕೆ ಹೋಗಿದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಮನೆತನದ ಹೆಸರಾಗಿದೆ. ಅಳಿಯನದು ಇನ್ನೂ ಚೆಂದ. ಅವನ ಊರು ಹೊಳೆನರಸೀಪುರ. ಪಾಸ್‌ಪೋರ್ಟ್ ಮಾಡಿಸಿದ ಪುಣ್ಯಾತ್ಮರು ಯಾರೋ ಇನಿಷಿಯಲ್ಲನ್ನು ಬಿಡಿಸಿ ಬರೆದು ಅದನ್ನೇ ಸರ್‌ನೇಮ್ ಮಾಡಿದ್ದರಿಂದ ಮೆಲ್ಬೋರ್ನಿನ ಕರೆಂಟ್ ಬಿಲ್ಲು ಬರುವುದು ಮಿಸ್ಟರ್ ಹೊಳೆನರಸೀಪುರ ಅವರಿಗೆ. ನಮ್ಮ ಮದುವೆ ಸರ್ಟಿಫಿಕೇಟಿನಲ್ಲಿ ಅವನ ಹೆಸರಿನ ಜೊತೆಗಿರುವುದು ಅಪ್ಪನ ಹೆಸರು. ಈ ಎಲ್ಲರೂ ಒಬ್ಬನೇ, ಆ ಎಲ್ಲರೂ ಒಬ್ಬಳೇ ಎಂದು ಪ್ರಮಾಣ ಮಾಡಿದ ಕಾಗದಗಳು ಫೋಲ್ಡರಿನ ಮೊದಲಲ್ಲೇ ಹೋದವು.

ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ ಇವೆರಡರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಪದ್ಧತಿ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದದ್ದು ಮೈಸೂರಿನಲ್ಲೂ ಗುಜರಾತಿನ ದಾಹೋದ್‌ನಲ್ಲೂ. ಹಾಗಾಗಿ ನಮಗೆ ಓಡಾಟ ಕಡಿಮೆ. ಠಾಣೆಯ ಪೇದೆ ಬಂದು ಕಾಫಿ ಕುಡಿದು ಅಕ್ಕಪಕ್ಕದವರನ್ನು ವಿಚಾರಿಸಿ ಹೋದರು. ತಪಾಸಣೆಗೆ ಮಾತ್ರ ಆಸ್ಟ್ರೇಲಿಯಾದವರು ಗೊತ್ತುಮಾಡಿದ ಬೆಂಗಳೂರಿನ ವೈದ್ಯರ ಬಳಿಗೇ ಹೋಗಬೇಕು: ಎದೆಯ ಎಕ್ಸ್‌ರೇ, ರಕ್ತ, ಎಚ್‌ಐವಿ. ಫಲಿತಾಂಶ ನೇರ ಅವರಿಗೇ ಹೋಗುತ್ತದೆ.

ವಾಟ್ಸ್ಯಾಪ್ ಸಂದೇಶಗಳ ಫೋಲ್ಡರಿನ ಹತ್ತಿರ ಮಾತ್ರ ಯಾರನ್ನೂ ಬಿಟ್ಟಿಲ್ಲ. ಬಾಗಿಲು ಹಾಕಿಕೊಂಡು ಒಬ್ಬಳೇ ಕೂತು ಆರಿಸಿದಳು. ರಾಶಿ ಹಾಕುವುದಕ್ಕಿಂತ, ನಿಶ್ಚಿತಾರ್ಥದಿಂದ ಇಂದಿನವರೆಗೆ ತಿಂಗಳಿಗೆ ಕೆಲವು, ಜೊತೆಗೆ ಕರೆಗಳ ಪಟ್ಟಿ. ಒಂದು ಸಂಗತಿ ಮಾತ್ರ ನನಗೆ ಹೇಳಿದಳು: ಏಪ್ರಿಲ್‌ನಲ್ಲಿ ಕೆಲಸ ಬಿಡುವ ವಿಷಯಕ್ಕೆ ದೊಡ್ಡ ಜಗಳವಾಗಿತ್ತಂತೆ, ಅದನ್ನೂ ಸೇರಿಸಿದ್ದಾಳಂತೆ. "ಜಗಳಾನೇ ಇಲ್ದಿದ್ರೆ ಯಾರು ನಂಬ್ತಾರೆ ಮಾವ?" ನಗುತ್ತಲೇ ಹೇಳಿದಳು. ಆದರೂ ಗಂಡ ಹೆಂಡಿರ ನಡುವಿನ ಮಾತಿಗೆ ಪುಟಸಂಖ್ಯೆ ಹಾಕಿ, ಮುಖ ಕಾಣದ ಅಧಿಕಾರಿಯೊಬ್ಬರಿಗೆ ಕಳಿಸುವುದು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಇಳಿಯದಿರುವುದಕ್ಕೆ ಹಳೆಯ ಕಾರಣವೂ ಇದೆ. 1979ರ ಜನವರಿಯಲ್ಲಿ ಮದುವೆಯಾಗಲೆಂದು ಭಾರತದಿಂದ ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಇಳಿದ 35 ವರ್ಷದ ಶಿಕ್ಷಕಿಯೊಬ್ಬರನ್ನು ಅಲ್ಲಿನ ಅಧಿಕಾರಿಗಳು ವೈದ್ಯರ ಕೈಯಲ್ಲಿ ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಮದುವೆಗೆ ಬರುವ ಭಾರತದ ಹೆಣ್ಣು ಕನ್ಯೆಯೇ ಆಗಿರಬೇಕು, ಇಲ್ಲವಾದರೆ ಸುಳ್ಳು ಹೇಳುತ್ತಿದ್ದಾಳೆ ಎಂಬುದು ಅವರ ತರ್ಕ. 'ಗಾರ್ಡಿಯನ್' ಪತ್ರಿಕೆ ಫೆಬ್ರವರಿಯ ಮೊದಲ ದಿನ ಸುದ್ದಿ ಪ್ರಕಟಿಸಿದ ಮೇಲೆಯೇ ಅದು ನಿಂತದ್ದು. ಅದಾದ ಮೇಲೂ ಬ್ರಿಟನ್ನಿನಲ್ಲಿ, ಈ ಮದುವೆಯ ಮುಖ್ಯ ಉದ್ದೇಶ ವಲಸೆ ಅಲ್ಲ ಎಂದು ಸಂಗಾತಿಯೇ ರುಜುವಾತು ಮಾಡಬೇಕೆಂಬ ನಿಯಮವಿತ್ತು. ಹಿರಿಯರು ಗೊತ್ತುಮಾಡಿದ ನಮ್ಮ ಕಡೆಯ ಮದುವೆಗಳಿಗೇ ಅದರ ಪೆಟ್ಟು ಜೋರಾಗಿ ಬಿದ್ದದ್ದು. 1997ರಲ್ಲಿ ಅದನ್ನು ತೆಗೆದುಹಾಕಿದರು. ಈಗಿನವರು ಕಾಗದ ಕೇಳುತ್ತಾರೆ, ಮೈ ಮುಟ್ಟುವುದಿಲ್ಲ. ಆದರೂ ಅನುಮಾನದ ಮುಂದೆ ಕೈಕಟ್ಟಿ ನಿಲ್ಲುವ ಭಂಗಿಯನ್ನು ಈ ಹಾಲ್‌ನಲ್ಲಿ ಕೂತ ಎಲ್ಲರೂ ಒಂದಷ್ಟು ಕಲಿತಿದ್ದೇವೆ.

ಇಷ್ಟು ಸಿಟ್ಟು ಇಟ್ಟುಕೊಂಡಿದ್ದ ನನಗೆ ಒಂದು ರಾತ್ರಿ ಬೇರೆಯೇ ಒಂದು ದೃಶ್ಯ ಕಂಡಿತು. ನೀವೂ ಇಲ್ಲೇ ನಿಂತು ನೋಡಿ. ಊಟ ಮುಗಿದಿದೆ. ಅಳಿಯ ತನ್ನ ಪಾಲಿನ ಕಾಗದಗಳನ್ನು ಇಮೇಲ್ ಮಾಡಿದ್ದಾನೆ. ಪ್ರಾಯೋಜಕನಾಗಿ ಅವನೂ ಜಾತಕ ಬಿಚ್ಚಬೇಕು. ಭಾವ ಪ್ರಿಂಟು ತೆಗೆದು ಒಬ್ಬರೇ ಓದುತ್ತಿದ್ದಾರೆ. ಆಸ್ಟ್ರೇಲಿಯಾದ ಫೆಡರಲ್ ಪೊಲೀಸರ ಪ್ರಮಾಣಪತ್ರ. ತೆರಿಗೆ ಲೆಕ್ಕ. ಕೆಲಸದ ಪತ್ರ. ಹಿಂದಿನ ಸಂಬಂಧಗಳು ಎಂಬ ಪ್ರಶ್ನೆ. ಅಲ್ಲಿ ಅವರ ಕೈ ನಿಂತಿತು.

"ಬಾ ಇಲ್ಲಿ," ಎಂದರು, ಮಗಳ ಕಡೆ ನೋಡದೆ.

ಮದುವೆಗೆ ವರ್ಷಗಳ ಮೊದಲು, ಅಲ್ಲಿಗೆ ಓದಲು ಹೋದ ಹೊಸತರಲ್ಲಿ, ಅವನು ಒಬ್ಬ ಹುಡುಗಿಯ ಜೊತೆ ಒಂದೇ ಮನೆಯಲ್ಲಿ ಬಾಳಿದ್ದ. ಮದುವೆಯಾಗಿರಲಿಲ್ಲ. ಒಂದೂವರೆ ವರ್ಷಕ್ಕೆ ಮುಗಿದಿತ್ತು. ತಾರೀಖಿನ ಸಮೇತ ಬರೆದಿದ್ದಾನೆ.

"ಇದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಪ್ಪ. ಮೊದಲ್ನೇ ಸಲ ಫೋನಲ್ಲಿ ಮಾತಾಡಿದಾಗ್ಲೇ ಹೇಳಿದ್ರು. ಇದು ಕೇಳಿ ಬೇಡ ಅಂದ್ರೂ ಬೇಜಾರಿಲ್ಲ ಅಂದಿದ್ರು."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು.

"ನಮ್ಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಒಪ್ತಿದ್ರಾ?"

ಉತ್ತರ ಬರಲಿಲ್ಲ. ಭಾವ ಮುಂದಿನ ಪುಟ ತಿರುಗಿಸಿ, ಮತ್ತೆ ಹಿಂದಿನ ಪುಟಕ್ಕೆ ಬಂದರು. ಬಹಳ ಹೊತ್ತಿನ ಮೇಲೆ, "ನಿನ್ನ ಸ್ಟೇಟ್‌ಮೆಂಟಲ್ಲಿ ಇದನ್ನ ಬರೆದಿದೀಯಾ? ಮೊದಲ್ನೇ ಸಲವೇ ಹೇಳಿದ್ರು ಅಂತ?" ಎಂದು ಕೇಳಿದರು.

"ಇಲ್ಲ. ನೀವು ಓದ್ತೀರಲ್ಲ ಅಂತ ಬಿಟ್ಟಿದ್ದೆ."

"ಬರಿ. ಅವನು ಬರೆದು ನೀನು ಬರೀದಿದ್ರೆ, ಇವಳಿಗೇ ಗೊತ್ತಿಲ್ಲ ಅಂದ್ಕೋತಾರೆ."

ಅದು ಸಾಲದ ಅಧಿಕಾರಿಯ ಮಾತೋ ಅಪ್ಪನ ಮಾತೋ ನನಗೆ ಇನ್ನೂ ಗೊತ್ತಾಗಿಲ್ಲ. ಆದರೆ ಒಂದು ಗೊತ್ತಾಯಿತು. ಈ ಹುಡುಗನನ್ನು ನೋಡಲು ಹೋದಾಗ ನಾವು ನೋಡಿದ್ದು ಜಾತಕ, ಗೋತ್ರ, ಸಂಬಳ, ಹೊಳೆನರಸೀಪುರದ ತೆಂಗಿನ ತೋಟ. ಹಿಂದೆ ಯಾರಾದರೂ ಇದ್ದರೇ, ಪೊಲೀಸ್ ಕೇಸು ಏನಾದರೂ ಇದೆಯೇ, ಮನೆಗೆಲಸಕ್ಕೆ ಕೈ ಹಾಕುತ್ತಾನೆಯೇ, ಇವಳಿಗೆ ಕಾಯಿಲೆಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂದು ನಾವು ಒಬ್ಬರೂ ಕೇಳಲಿಲ್ಲ. ವಿದೇಶದ ಗಂಡ ಮದುವೆಯಾಗಿ ಬಿಟ್ಟುಹೋದ ದೂರುಗಳು ಎಷ್ಟಿದ್ದವೆಂದರೆ ರಾಷ್ಟ್ರೀಯ ಮಹಿಳಾ ಆಯೋಗ 2009ರಲ್ಲಿ ಅದಕ್ಕೆಂದೇ ಪ್ರತ್ಯೇಕ ಘಟಕ ತೆರೆಯಬೇಕಾಯಿತು. ಅದು ಗೊತ್ತಿದ್ದೂ ಕೇಳಲಿಲ್ಲ. ಕೇಳಿದರೆ ಬೀಗರು ಏನಂದುಕೊಂಡಾರು ಎಂಬ ಸಂಕೋಚ. ಕ್ಯಾನ್‌ಬೆರಾದ ಕಾನೂನು ಬರೆದವರಿಗೆ ಆ ಸಂಕೋಚವಿಲ್ಲ. ಅವರು ಕೇಳುತ್ತಿರುವುದು ತಮ್ಮ ಗಡಿ ಕಾಯಲು, ಹುಡುಗಿಯ ಹಿತಕ್ಕಲ್ಲ, ಒಪ್ಪಿದೆ. ಆದರೂ ಹೆಣ್ಣು ಹೆತ್ತವರು ಬೀಗರ ಎದುರು ಚಾಪೆಯ ಮೇಲೆ ಕೂತು ಕೇಳಬೇಕಿದ್ದ ಪ್ರಶ್ನೆಗಳಲ್ಲಿ ಅರ್ಧ ಆ ನಮೂನೆಗಳಲ್ಲೇ ಇವೆ.

ಹುಡುಗಿ ಆ ರಾತ್ರಿಯೇ ಎರಡು ವಾಕ್ಯ ಸೇರಿಸಿದಳು.

ಅರ್ಜಿ ಹಾಕಿದ್ದು ಮಹಾಲಯ ಅಮಾವಾಸ್ಯೆ ಕಳೆಯಲಿ ಎಂದು ಅಕ್ಕ ಹಿಡಿದ ಹಟಕ್ಕೆ ಕಾದು, ನವರಾತ್ರಿಯ ಮೊದಲ ದಿನ. ಒಂದೊಂದು ಕಡತವೂ 5 ಎಂಬಿ ಮೀರಬಾರದು ಎಂಬ ಕಟ್ಟುಪಾಡಿಗೆ ಸಿಕ್ಕಿ ಬೀಗರ ಔತಣದ ಚಿತ್ರ ಇನ್ನಷ್ಟು ಮಸುಕಾಯಿತು. ಅಲ್ಲಿಂದ ಅವನು ದುಡ್ಡು ಕಟ್ಟಿದ, ಇಲ್ಲಿಂದ ಇವಳು ಒಪ್ಪಿಗೆಯ ಚೌಕಗಳಿಗೆಲ್ಲ ಗುರುತು ಹಾಕಿ ಗುಂಡಿ ಒತ್ತಿದಳು. ಅರ್ಜಿ ತಲುಪಿದೆ ಎಂದು ಪರದೆ ಹೇಳಿತು. ಇನ್ನು ತಿಂಗಳುಗಟ್ಟಲೆ ಕಾಯಬೇಕು. ಅರ್ಜಿ ಹಾಕಿದ ದಿನದಿಂದ ಎರಡು ವರ್ಷ ತುಂಬಿದ ಮೇಲೆ ಕಾಯಂ ವೀಸಾಕ್ಕಾಗಿ ಇದೇ ಪುರಾಣವನ್ನು ಮತ್ತೆ ತೋರಿಸಬೇಕು. ಭಾವ ಖಾಲಿಯಾದ ದಿವಾನದ ಮೇಲೆ ಕೂತು ಹೊಸದೊಂದು ಫೋಲ್ಡರಿನ ಮೇಲೆ "ಎರಡನೇ ಕಂತು" ಎಂದು ಬರೆದರು.

ಅಷ್ಟರಲ್ಲಿ ಅಳಿಯನ ಫೋನು. ಮನೆಯ ಕರಾರು ಈ ತಿಂಗಳು ಮುಗಿಯುತ್ತಂತೆ, ಹೊಸ ಕರಾರಿನಲ್ಲಿ ಹೆಂಡತಿಯ ಹೆಸರನ್ನೂ ಸೇರಿಸಲು ಮನೆ ಮಾಲೀಕರು ಒಪ್ಪಿದ್ದಾರಂತೆ. ಏಜೆಂಟು ಎದುರಿಗೇ ಕೂತಿದ್ದಾನೆ, ಹೆಸರು ಹೇಗೆ ಬರೆಯಬೇಕು ಎಂದು ಕೇಳುತ್ತಿದ್ದಾನೆ.

"ಪಾಸ್‌ಪೋರ್ಟಲ್ಲಿ ಇರೋ ಹಾಗೆ!" ಎಂದು ಅಪ್ಪ ಮಗಳು ಇಬ್ಬರೂ ಒಟ್ಟಿಗೇ ಕೂಗಿದರು.

"ಹೊಳೆನರಸೀಪುರ ಬೇಡ್ವಾ?"

"ಬೇಡ," ಎಂದಳು ಹುಡುಗಿ. "ಅದು ನಿಮ್ಮೊಬ್ರಿಗೇ ಇರ್ಲಿ. ಮತ್ತೆ ಕೇಳಿ, ಸಹಿ ಆದ್ಮೇಲೆ ಒರಿಜಿನಲ್ ಕಾಪಿ ಇಸ್ಕೊಳ್ಳಿ. ಫೋಟೋ ತೆಗೆದು ಕಳಿಸ್ಬೇಡಿ, ಸ್ಕ್ಯಾನ್ ಮಾಡಿ."